ಕಡೆಯ ಸಾಲಿನ ಯಾಕೋಬಪ್ಪ

ಯಾಕೋಬಪ್ಪ ಉಪದೇಶಿಗಳಷ್ಟು ದೀನ ಮನುಷ್ಯರು ಗಂಗಾವತಿ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ಈ ಸಂಗತಿ ನನಗೆ ಗೊತ್ತಾದದ್ದು ಅವರಿಂದಲೇ. ನಾನು ರಾಯಚೂರಿನ ಬೋರ್ಡಿಂಗಿನಲ್ಲಿ ಓದು ಮುಗಿಸಿ ಗಂಗಾವತಿಯ ಮಿಶನ್ ಶಾಲೆಗೆ ಟೀಚರಾಗಿ ಬಂದಿಳಿದ ದಿನ ಅವರು ಬಸ್ಸಿನ ಹತ್ತಿರವೇ ಕಾಯುತ್ತ ನಿಂತಿದ್ದರು. ನನ್ನ ಟ್ರಂಕನ್ನು ಎತ್ತಿ ತಾವೇ ತಲೆಯ ಮೇಲಿಟ್ಟುಕೊಂಡರು. ಐವತ್ತು ದಾಟಿದ ಹಿರಿಯರು, ಬೇಡವೆಂದೆ. "ಇರ್ಲಿ ತಂಗಿ, ನಾ ಅಂದ್ರ ಏನು? ಬರೇ ಧೂಳು" ಎಂದರು. ಶಾಲೆಗೆ ಅಲ್ಲಿಂದ ಸೀದಾ ಒಂದು ದಾರಿ ಇತ್ತು. ಧೂಳು ಆ ದಾರಿಯನ್ನು ಬಿಟ್ಟು, ತಹಶೀಲ ಕಚೇರಿಯ ಮುಂದಿನಿಂದ, ಅಕ್ಕಿ ಅಂಗಡಿಗಳ ಸಾಲಿನಿಂದ, ಪೇಟೆಯ ನಟ್ಟನಡುವಿನಿಂದ ಹಾದು, ಎದುರಿಗೆ ಸಿಕ್ಕವರಿಗೆಲ್ಲ ಹೊಸ ಅಕ್ಕೋರ ಸಾಮಾನು ಹೊತ್ತು ಸೇವೆ ಮಾಡುತ್ತಿದ್ದೇನೆಂದು ತಿಳಿಸುತ್ತ ಹೋಯಿತು. ನಾನು ಹಿಂದೆ ಹಿಂದೆ ನಡೆದೆ. ಶಾಲೆ ಮುಟ್ಟುವ ಹೊತ್ತಿಗೆ ಊರಿಗೆಲ್ಲ ನನ್ನ ಪರಿಚಯವಾಗಿತ್ತು, ಅವರ ದೀನತೆಯದು ಮತ್ತೊಮ್ಮೆ ಆಗಿತ್ತು.

ಉಪದೇಶಿ ಎಂದರೆ ಯಾರೆಂದು ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಸಭೆಯಲ್ಲಿ ಎಲ್ಲರ ಮೇಲೆ ದೊರೆಗಳು, ಅಂದರೆ ಸೀಮೆಯಿಂದ ಬಂದ ಬಿಳಿಯ ಪಾದ್ರಿಗಳು. ಅವರ ಕೆಳಗೆ ಅಭಿಷೇಕವಾದ ಅಯ್ಯನವರು. ಎಲ್ಲರ ಕೆಳಗೆ ಉಪದೇಶಿ. ಉಪದೇಶಿಯಾದವನು ಹಳ್ಳಿ ಹಳ್ಳಿ ತಿರುಗಿ ಬೋಧಿಸಬಹುದು, ಹಾಡಿಸಬಹುದು, ಸತ್ತವರನ್ನು ಮಣ್ಣು ಮಾಡಬಹುದು. ಆದರೆ ದೀಕ್ಷಾಸ್ನಾನ ಕೊಡುವಂತಿಲ್ಲ, ಮದುವೆ ಮಾಡಿಸುವಂತಿಲ್ಲ, ಪ್ರಭುಭೋಜನದ ರೊಟ್ಟಿ ಮುರಿಯುವಂತಿಲ್ಲ. ಸಂಕ್ಷೇಪವಾಗಿ ಹೇಳಬೇಕೆಂದರೆ ಕಾಲು ಸವೆಯುವುದು ಉಪದೇಶಿಯದು, ಹಾರ ಬೀಳುವುದು ಅಯ್ಯನವರಿಗೆ.

ಅವರ ಪ್ರಾರ್ಥನೆಯನ್ನು ಕೇಳಬೇಕಿತ್ತು. ಕರ್ತನ ಮುಂದೆ ತಾವೊಂದು ಹುಳವೆಂದು ಶುರು ಮಾಡುವರು. ಹುಳದಿಂದ ಕಸಕ್ಕೆ ಇಳಿಯುವರು, ಕಸದಿಂದ ಬೂದಿಗೆ, ಬೂದಿಯಿಂದ ಹರಕು ಚಿಂದಿಗೆ. ಇಳಿದು ಇಳಿದು ಇನ್ನು ಇಳಿಯಲು ಜಾಗವೇ ಇಲ್ಲವೆಂದಾದಾಗ ಮತ್ತೆ ಮೇಲೆ ಹತ್ತಿ ಹುಳದಿಂದ ಪ್ರಾರಂಭ. ಅಷ್ಟರಲ್ಲಿ ಮಕ್ಕಳು ನಿದ್ದೆ ಹೋಗಿರುತ್ತಿದ್ದರು, ಒಲೆಯ ಮೇಲಿನ ಸಾರು ಆರಿರುತ್ತಿತ್ತು. ಒಂದು ದಿನ ಪ್ರಾರ್ಥನೆ ಮುಗಿಸಿ, ತಾನು ಬಹಳ ಕೊರತೆಯುಳ್ಳ ಮನುಷ್ಯನೆಂದು ನನ್ನ ಮುಂದೆ ನಿಟ್ಟುಸಿರು ಬಿಟ್ಟರು. ಹೊಸಬಳಾದ ನನಗೆ ಪದ್ಧತಿ ಗೊತ್ತಿರಲಿಲ್ಲ. ಹೌದು, ಶಾಲೆಯ ಹಾಜರಿ ಪುಸ್ತಕವನ್ನು ನೀವು ಎರಡು ತಿಂಗಳಿಂದ ತುಂಬಿಲ್ಲವೆಂದು ಒಪ್ಪಿಕೊಂಡುಬಿಟ್ಟೆ. ಧೂಳು ಹದಿನೈದು ದಿನ ನನ್ನ ಕೂಡ ಮಾತು ಬಿಟ್ಟಿತು.

ದೇವರ ಮೇಲಿನ ಭರವಸೆಯೂ ಹಾಗೆಯೇ, ಅಳತೆ ಮೀರಿದ್ದು. ನಮ್ಮ ಕಡೆ ಮಣ್ಣಿನ ಮಾಳಿಗೆಯ ಮನೆಗಳು. ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ತಂದು ಮಾಳಿಗೆಗೆ ಹಾಕದಿದ್ದರೆ ಮನೆಯೊಳಗೇ ಹೊಳೆ. ಊರೆಲ್ಲ ಬುಟ್ಟಿ ಹೊತ್ತು ಓಡಾಡುತ್ತಿದ್ದರೆ ಯಾಕೋಬಪ್ಪನವರು ಕಟ್ಟೆಯ ಮೇಲೆ ಕೂತು, ಆಕಾಶದ ಪಕ್ಷಿಗಳಿಗೆ ಮಾಳಿಗೆ ಎಲ್ಲಿದೆ ಎಂದು ಕೇಳುವರು. "ದೇವರು ನೋಡ್ಕೋತಾನ." ದೇವರು ನೋಡಿಕೊಳ್ಳುತ್ತಿದ್ದದ್ದೂ ನಿಜ. ಪ್ರತಿ ವರ್ಷ ಮೃಗಶಿರದ ಮುಂಚೆ ಪಕ್ಕದ ಮನೆಯ ಕಾಸೀಮಸಾಬನ ರೂಪದಲ್ಲಿ ಬಂದು, ತನ್ನ ಮಾಳಿಗೆಯ ಜತೆಗೆ ಇವರದಕ್ಕೂ ಹನ್ನೆರಡು ಬುಟ್ಟಿ ಮಣ್ಣು ಸುರಿದು ತುಳಿದು ಹೋಗುತ್ತಿದ್ದ. ಇವರು ಕೆಳಗಿನಿಂದಲೇ ಕೈಯೆತ್ತಿ ಸ್ತೋತ್ರ ಹೇಳುವರು, ಕಾಸೀಮಸಾಬನಿಗಲ್ಲ. ಆತ ಒಮ್ಮೆ ಮೈಯೆಲ್ಲ ಮಣ್ಣಾಗಿ ಇಳಿದು ಬಂದವನು ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ನೋಡ್ಕೊಳ್ಳಾವ ಮ್ಯಾಲಿನಾವ, ಖರೆ ಐತಿ ಉಪದೇಶೇರ. ಆದ್ರ ಬುಟ್ಟಿ ಮಾತ್ರ ನನ್ನ ತಲೀ ಮ್ಯಾಲ ಇಟ್ಟಾನ."

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಅವರು ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆಯುತ್ತಿದ್ದರು. ಆನೆಗೊಂದಿ, ಸಾಣಾಪುರ, ಹೊಳೆ ನಡುವಿನ ಗಡ್ಡೆಯ ಕಡೆಯ ಕೇರಿಗಳಲ್ಲಿ ಯಾವ ಮನೆಯಲ್ಲಿ ಯಾವ ಕೂಸಿಗೆ ಕೆಮ್ಮು, ಯಾರ ಮಗಳನ್ನು ತವರಿಗೆ ಬರಲು ಬಿಡುತ್ತಿಲ್ಲ ಎಂಬುದೆಲ್ಲ ಬಾಯಿಪಾಠ. ಚೀಲದಲ್ಲಿ ಬೈಬಲ್ಲಿನ ಪಕ್ಕ ಕ್ವಿನೀನು, ಅದರ ಪಕ್ಕ ಬೆಲ್ಲದ ಉಂಡೆ. ಹೊಲದ ಕೆಲಸ ಮುಗಿಸಿ ಬಂದ ಮುದುಕರಿಗೆ ಉಸುಕಿನ ಮೇಲೆ ಅಕ್ಷರ ತಿದ್ದಿಸಿ, ನಲವತ್ತು ವರ್ಷ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿದವರ ಕೈಯಿಂದ ಅವರವರ ಹೆಸರು ಬರೆಸಿದವರು. ಅಂಥ ಮನುಷ್ಯನಿಗೆ ತಾನು ಒಳ್ಳೆಯವನೆಂದು ಸುಮ್ಮನೆ ಇರಲಿಕ್ಕೆ ಏಕೆ ಬರಲಿಲ್ಲವೋ, ನನಗೆ ತಿಳಿಯದು.

ಅವರ ದೀನತೆಯ ಕಿರೀಟವೆಂದರೆ ಕಡೆಯ ಸಾಲು. ಔತಣಕ್ಕೆ ಹೋದರೆ ಕಡೆಯ ಜಾಗದಲ್ಲಿ ಕೂಡಬೇಕು, ಯಜಮಾನ ತಾನೇ ಬಂದು ಮೇಲಕ್ಕೆ ಕರೆಯುತ್ತಾನೆ ಎಂಬ ಬೈಬಲ್ಲಿನ ಉಪದೇಶವನ್ನು ಅವರು ಅಕ್ಷರಶಃ ಹಿಡಿದಿದ್ದರು. ಮದುವೆಗೆ ಹೋದರೆ ಹಂದರದ ಕೊನೆಗೆ, ಚಪ್ಪಲಿ ಬಿಡುವಲ್ಲಿ ಕೂಡುವರು. ಕೂತು, ಕಣ್ಣು ಮಾತ್ರ ಯಜಮಾನನ ಮೇಲೆ ಇಡುವರು. ಯಜಮಾನ ಓಡಿಬಂದು ಕೈ ಹಿಡಿದು ಎಬ್ಬಿಸಬೇಕು. ಇವರು ಎರಡು ಸಲ ಒಲ್ಲೆನೆನ್ನಬೇಕು. ಮೂರನೆಯದಕ್ಕೆ ಎದ್ದು, ಎಲ್ಲರ ನಡುವೆ ಹಾದು, ಮುಂದೆ ಹೋಗಿ ಕೂಡಬೇಕು. ಇದು ಎಲ್ಲ ಮದುವೆಗಳಲ್ಲೂ ಅಕ್ಷತೆಯಷ್ಟೇ ತಪ್ಪದೆ ನಡೆಯುತ್ತಿತ್ತು. ಸಾಣಾಪುರದ ಕೇರಿಯ ಒಂದು ಮದುವೆಯಲ್ಲಿ ಮಾತ್ರ ಯಜಮಾನನಿಗೆ ಬೀಗರ ಜಗಳ ಬಿಡಿಸುವುದೇ ದೊಡ್ಡದಾಗಿ ಆತ ಇವರನ್ನು ಮರೆತ. ಕಡೆಯ ಸಾಲು ಮುಟ್ಟುವ ಹೊತ್ತಿಗೆ ಗೋಧಿ ಹುಗ್ಗಿ ತೀರಿತ್ತು. ಇವರು ಬರಿ ಅನ್ನ ಸಾರು ಉಂಡು, ಉಪ್ಪಿನಕಾಯಿಯನ್ನು ದಿಟ್ಟಿಸುತ್ತ ಕೂತಿದ್ದರು. ಅವರ ಪಕ್ಕದಲ್ಲಿ, ಬದುಕಿಡೀ ಊರ ಹಂದರಗಳ ಹೊರಗೇ ಕೂತು ಉಂಡ ಕೇರಿಯ ಹಿರಿಯನೊಬ್ಬ ಕೂತಿದ್ದ. ಆತ ಜರುಗಿ ಜಾಗ ಕೊಡುತ್ತ ನನಗೆ ಕೇಳುವಂತೆಯೇ ಗೊಣಗಿದ: "ಕಡೀ ಜಾಗ ಒಂದು ನಮ್ದಿತ್ತು. ಅದನ್ನೂ ಈ ಉಪದೇಶೇರು ಬಿಡವಲ್ರು ನೋಡ್ರಿ ಅಕ್ಕೋರ." ನಾನು ನಕ್ಕೆ. ಆತ ನಗಲಿಲ್ಲ.

ಇದೆಲ್ಲದರ ಹಿಂದೆ ಒಂದು ಆಸೆ ಇತ್ತು. ಯಾಕೋಬಪ್ಪನವರಿಗೆ ಅಯ್ಯನವರಾಗಬೇಕಿತ್ತು. ತಾವು ಕಲಿಸಿದ ಕೂಸುಗಳ ತಲೆಯ ಮೇಲೆ ತಾವೇ ನೀರು ಹಾಕಬೇಕು, ತಾವು ಬೆಳೆಸಿದ ಹುಡುಗಿಯ ಮದುವೆಯನ್ನು ತಾವೇ ಮಾಡಿಸಬೇಕು ಎಂಬ ಆಸೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ವರ್ಷಕ್ಕೊಮ್ಮೆ ಕೊಪ್ಪಳದಲ್ಲಿ, ದೊರೆಗಳ ಬಂಗಲೆಯ ಬಯಲಿನಲ್ಲಿ ಹಂದರ ಹಾಕಿ ದೊಡ್ಡ ಸಭೆ. ಅಭಿಷೇಕಕ್ಕೆ ಆಯ್ಕೆಯಾದವರ ಹೆಸರನ್ನು ಅಲ್ಲಿಯೇ ಕೂಗಿ ಕರೆಯುತ್ತಿದ್ದರು. ಆ ವಾರ ಅವರ ಹೆಂಡತಿ ರೂತಮ್ಮ ಒಂದು ಬಿಳಿಯ ಕೋಟನ್ನು ನೀಲಿ ಹಾಕಿ ಒಗೆಯುವರು. ಹದಿನಾರು ವರ್ಷದ ಹಿಂದೆ ಹೊಲಿಸಿದ ಕೋಟು, ಎರಡು ಸಲ ಹೊಲಿಗೆ ಬಿಚ್ಚಿ ಅಗಲ ಮಾಡಿದ್ದು. ಅದನ್ನು ಹಾಕಿಕೊಂಡು ಇವರು ಸಭೆಗೆ ಹೋಗಿ ಕಡೆಯ ಸಾಲಿನಲ್ಲಿ ಕೂಡುವರು. ಹೆಸರು ಕೂಗಿದರೆ ಮುಂದಕ್ಕೆ ನಡೆಯಲು ದಾರಿ ಎಷ್ಟು ಉದ್ದವಿದ್ದರೆ ಅಷ್ಟು ದೀನತೆ ಕಾಣುತ್ತದಲ್ಲವೇ! ಹೆಸರು ಕೂಗುತ್ತಿರಲಿಲ್ಲ. ಮನೆಗೆ ಬಂದು ಮೂರು ದಿನ ಉಪವಾಸ ಪ್ರಾರ್ಥನೆ ಹಿಡಿಯುವರು. "ಉಪಾಸ ಅಲ್ಲವ್ವ ಅದು, ಸಿಟ್ಟು" ಎಂದು ರೂತಮ್ಮ ನನಗೆ ಹೇಳಿದ್ದರು. "ದೇವರ ಮ್ಯಾಲ ಸಿಟ್ಟಾದ್ರ ನನ್ನ ರೊಟ್ಟಿ ಏನ ಮಾಡ್ಯಾವು?"

ನಾನು ಬಂದ ಮೂರನೆಯ ವರ್ಷ ಸಾಣಾಪುರದ ಕೇರಿಗೆ ಕಾಲರಾ ಬಿತ್ತು. ಸುದ್ದಿ ಬಂದ ಬೆಳಿಗ್ಗೆ ಯಾಕೋಬಪ್ಪನವರು ಚೀಲ ಹೆಗಲಿಗೆ ಹಾಕಿ, ನಮ್ಮೆಲ್ಲರ ಮುಂದೆ ಪ್ರಾರ್ಥಿಸಿ ಹೊರಟರು. ಆ ದಿನ ಅವರ ಪ್ರಾರ್ಥನೆ ಚಿಕ್ಕದಿತ್ತು. ರೂತಮ್ಮ ಬಾಗಿಲಲ್ಲಿ ನಿಂತು, ಅವರು ಮರೆಯಾಗುವ ತನಕ ನೋಡಿದರು. ಹನ್ನೊಂದು ದಿನ ಸುದ್ದಿಯಿಲ್ಲ. ಹನ್ನೆರಡನೆಯ ದಿನ ಕಾಲರಾ ಇಳಿದಿದೆಯೆಂದು ಸುದ್ದಿ ಬಂತು, ಅದರ ಬೆನ್ನಿಗೇ ಅವರೂ ಬಂದರು. ಗಡ್ಡ ಬೆಳೆದಿತ್ತು, ಕಣ್ಣು ಗುಳಿ ಬಿದ್ದಿದ್ದವು. ನಾವೆಲ್ಲ ಅಳುತ್ತ ಹೋಗಿ ಕೈ ಹಿಡಿದೆವು. ಸ್ತೋತ್ರದ ಕೂಟ ಮಾಡಿದೆವು, ಚೆಂಡು ಹೂವಿನ ಹಾರ ಹಾಕಿದೆವು. ಅವರು ಹಾರವನ್ನು ತೆಗೆದು ಕೆಳಗಿಟ್ಟು, ತಾನು ಏನೂ ಮಾಡಿಲ್ಲವೆಂದರು. ಎಂಥ ದೀನತೆ ಎಂದು ನಾವು ಇನ್ನಷ್ಟು ಅತ್ತೆವು.

ಸಾಣಾಪುರದಲ್ಲಿ ಹುಲಿಗೆವ್ವ ಎಂಬ ವಿಧವೆಯೊಬ್ಬಳಿದ್ದಳು. ಗದ್ದೆ ನಾಟಿಯ ಕೂಲಿ. ದೀಕ್ಷಾಸ್ನಾನ ಬೇಕೆಂದು ಕೇಳಿಕೊಂಡಿದ್ದಳು. ಅದಕ್ಕೆ ಹತ್ತು ಆಜ್ಞೆಗಳನ್ನು ತಪ್ಪದೆ ಒಪ್ಪಿಸಬೇಕು, ಒಪ್ಪಿಸಿಕೊಳ್ಳುವವರು ಉಪದೇಶಿಗಳು. ಹುಲಿಗೆವ್ವ ನಾಲ್ಕರ ತನಕ ಬಂದು, ಐದು ಆರನ್ನು ಬಿಟ್ಟು ಏಳಕ್ಕೆ ಹಾರಿ, ಕೊನೆಗೆ ಹಸಿದವರಿಗೆ ಉಣ್ಣಲು ಇಕ್ಕಬೇಕೆಂಬ ಹನ್ನೊಂದನೆಯದೊಂದನ್ನು ತಾನೇ ಸೇರಿಸುತ್ತಿದ್ದಳು. ಯಾಕೋಬಪ್ಪನವರು ನಿಯಮ ನಿಯಮವೇ ಎಂದು ವರ್ಷ ವರ್ಷ ಹಿಂದಕ್ಕೆ ಕಳಿಸುತ್ತಿದ್ದರು. ಕಾಲರಾ ಆದ ಮೇಲೆ ಆಕೆಯ ಪಾಠದಲ್ಲಿ ಇನ್ನೂ ಬಿಗಿಯಾದರು. ಆಕೆ ಬಾಯಿ ತೆರೆಯುವುದರೊಳಗೆ ಸಾಕೆನ್ನುವರು. ನನಗೆ ಅದು ಅನ್ಯಾಯವೆನಿಸಿ ಒಮ್ಮೆ ಜಗಳವನ್ನೂ ಆಡಿದೆ.

ಎರಡನೆಯ ಮಹಾಯುದ್ಧದ ಕಾಲ, ಸೀಮೆಎಣ್ಣೆ ಸಿಗದಾದ ದಿನಗಳಲ್ಲಿ, ಶಾಲೆಗೆ ಪಾಟಿ ಬೇಕೆಂದು ಕೇಳಲು ಕೊಪ್ಪಳಕ್ಕೆ ದೊರೆಗಳ ಬಳಿಗೆ ಹೋಗಿದ್ದೆ. ದೊರೆಗಳು ಕನ್ನಡವನ್ನು ಬೈಬಲ್ಲಿನಿಂದಲೇ ಕಲಿತವರು. ಅವರ ಬಾಯಲ್ಲಿ ಚಹಾ ತಾ ಎಂಬ ಮಾತೂ ದೇವರಿಂದ ಮೋಶೆಗೆ ಅಪ್ಪಣೆಯಾದಂತೆ ಬರುತ್ತಿತ್ತು. ಯಾಕೋಬಪ್ಪನವರನ್ನು ಇಷ್ಟು ವರ್ಷ ಏಕೆ ಕರೆಯಲಿಲ್ಲವೆಂದು ಧೈರ್ಯ ಮಾಡಿ ಕೇಳಿದೆ. ಅವರಿಗೆ ಆಶ್ಚರ್ಯವಾಯಿತು. "ಯಾಕೋಬಪ್ಪನು ಮಹಾ ವಿನಯಶಾಲಿಯು. ಹದಿನಾರು ವರ್ಷಗಳಲ್ಲಿ ಒಮ್ಮೆಯಾದರೂ ಅರ್ಜಿಯನ್ನು ಬರೆಯಲಿಲ್ಲ. ಅಪೇಕ್ಷೆಯಿಲ್ಲದವನನ್ನು ನಾವು ಬಲವಂತ ಮಾಡಲಾರೆವು" ಎಂದರು. ಆಗ ನನಗೆ ತಿಳಿಯಿತು. ಅಭಿಷೇಕ ಬೇಕಾದವನು, ದೇವರು ನನ್ನನ್ನು ಕರೆದಿದ್ದಾನೆಂದು ನಂಬುತ್ತೇನೆ, ನಾನು ಮಾಡಿದ ಸೇವೆ ಇಂತಿಂಥದು ಎಂದು ಒಂದು ಪತ್ರ ಬರೆದು ಕೊಡಬೇಕು. ಎಲ್ಲರೂ ಹಾಗೆಯೇ ಕೊಡುತ್ತಿದ್ದರು. ಹದಿನಾರು ವರ್ಷ ದೊರೆಗಳು ಇವರ ಪತ್ರದ ದಾರಿ ಕಾಯುತ್ತ ಕೂತಿದ್ದರು, ಇವರು ದೊರೆಗಳ ಕರೆಯ ದಾರಿ ಕಾಯುತ್ತ ಕೂತಿದ್ದರು. ಇಬ್ಬರ ನಡುವೆ ಅಷ್ಟು ವಿನಯ ತುಂಬಿಕೊಂಡು ಒಂದು ಕಾಗದ ಹೋಗಲಿಕ್ಕೂ ಸಂದಿ ಇರಲಿಲ್ಲ.

ಬಂದು ಯಾಕೋಬಪ್ಪನವರಿಗೆ ಹೇಳಿದೆ. ಅವರಿಗೆ ಪತ್ರದ ಪದ್ಧತಿ ಗೊತ್ತಿತ್ತು. "ನನ್ನ ಬಗ್ಗೆ ನಾನ ಬರಕೊಳ್ಳೂದಂದ್ರ ಸೊಕ್ಕು ತಂಗಿ. ನಾ ಬರಿಯಂಗಿಲ್ಲ. ಕರಿಯಾವ ಕರೀತಾನ" ಎಂದು ಕಣ್ಣು ಮುಚ್ಚಿದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ನಿಂತಿತು. ಮರುದಿನ ಶಾಲೆ ಬಿಟ್ಟ ಮೇಲೆ ರೂತಮ್ಮ ಬಂದು ನನ್ನ ಎದುರಿಗೆ ಕೂತರು. "ಅವರು ಬರಿಯಂಗಿಲ್ಲ. ನನಗ ಬರಿಯಾಕ ಬರಂಗಿಲ್ಲ. ನೀ ಬರಿಯವ್ವ. ಈ ವರ್ಷ ಆಗಲಿಲ್ಲಂದ್ರ ಆ ಮನಷ್ಯಾ ಒಳಗಿಂದೊಳಗ ಸತ್ತ ಹೋಗ್ತಾನ" ಎಂದರು.

ನಾನು ಬರೆದೆ. ಅವರ ಹೆಸರಿನಲ್ಲಿ, ಅವರ ಕೈಬರಹದ ಹಾಗೆಯೇ, ಕೆಳಗೆ ಅವರ ಸಹಿಯನ್ನೂ ಹಾಕಿದೆ. ಹುಲಿಗೆವ್ವನನ್ನು ಆಜ್ಞೆ ಬರುವುದಿಲ್ಲವೆಂದು ಹಿಂದೆ ಕಳಿಸುತ್ತಿದ್ದ ಸಭೆಯಲ್ಲಿ, ಹತ್ತೂ ಬಾಯಿಪಾಠ ಬರುತ್ತಿದ್ದ ನಾನು ಸುಳ್ಳು ಸಾಕ್ಷಿ ಹೇಳಬಾರದೆಂಬ ಒಂಬತ್ತನೆಯದನ್ನು ಹೀಗೆ ಸಲೀಸಾಗಿ ಮುರಿದೆ. ಹನ್ನೆರಡು ಮೈಲಿಯ ನಡಿಗೆ, ಉಸುಕಿನ ಮೇಲಿನ ಅಕ್ಷರ, ಕ್ವಿನೀನು ಎಲ್ಲ ಬರೆದೆ. ಸಾಣಾಪುರದ ಕಾಲರಾಕ್ಕೆ ಬಂದಾಗ ನನ್ನ ಲೇಖನಿ ಕುಣಿಯಿತು. ಹೆಣಗಳ ನಡುವೆ ಹನ್ನೊಂದು ದಿನ ಗಂಜಿ ಕಾಸಿ, ಸತ್ತವರನ್ನು ಮಣ್ಣು ಮಾಡಿದ್ದನ್ನು ಅರ್ಧ ಪುಟ ತುಂಬಿಸಿದೆ. ಓದಿ ನನಗೇ ಕಣ್ಣೀರು ಬಂತು. ಕಾಗದವನ್ನು ಕೊಪ್ಪಳಕ್ಕೆ ಟಪಾಲಿನಲ್ಲಿ ಹಾಕಿದೆ.

ಆ ವರ್ಷದ ಸಭೆಗೆ ಗಂಗಾವತಿಯಿಂದ ಮೂರು ಬಂಡಿಗಳಲ್ಲಿ ಹೋದೆವು. ಸಾಣಾಪುರದವರೂ ಬಂದಿದ್ದರು, ಅವರೊಳಗೆ ಹುಲಿಗೆವ್ವನೂ ಇದ್ದಳು. ಯಾಕೋಬಪ್ಪನವರು ಎಂದಿನಂತೆ ಕೋಟು ಹಾಕಿ ಕಡೆಯ ಸಾಲಿನಲ್ಲಿ ಕೂತರು. ದೊರೆಗಳು ಎದ್ದು ಮೊದಲನೆಯ ಹೆಸರು ಕೂಗಿದರು. ಅದೇ ಯಾಕೋಬಪ್ಪನವರ ಹೆಸರು. ಹದಿನಾರು ವರ್ಷ ಮನಸ್ಸಿನಲ್ಲೇ ನಡೆದು ನಡೆದು ಸವೆಸಿದ ದಾರಿ ಅದು. ಅವರು ಎದ್ದು ನಿಂತರು. ಪಕ್ಕದವರು ಬೆನ್ನಿಗೆ ಕೈ ಕೊಟ್ಟು ನೂಕಿದ ಮೇಲೆ ಮುಂದಕ್ಕೆ ಬಂದರು. ರೂತಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

ಪದ್ಧತಿಯ ಪ್ರಕಾರ ದೊರೆಗಳು ಪತ್ರವನ್ನು ಗಟ್ಟಿಯಾಗಿ ಓದಿದರು. ಮೊದಲ ಸಾಲಿಗೇ ಯಾಕೋಬಪ್ಪನವರು ಬೆಚ್ಚಿ ಸಭೆಯ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ನಡಿಗೆಯ ಮಾತು, ಅಕ್ಷರದ ಮಾತು ಬಂದಾಗ ಅವರ ಕುತ್ತಿಗೆ ಎಂದಿನ ದೀನತೆಯಲ್ಲಿ ಎಡಕ್ಕೆ ವಾಲಿತು. ಮುಖದಲ್ಲಿ ಸಂತೋಷ ತಡೆದರೂ ಮೇಲೆ ಬರುತ್ತಿತ್ತು. ಆಮೇಲೆ ಸಾಣಾಪುರ ಬಂತು. ಅವರ ಮುಖ ಹಾಗೆಯೇ ಗಟ್ಟಿಯಾಯಿತು. ಓದಿ ಮುಗಿಸಿ ದೊರೆಗಳು ಕಾಗದ ಮಡಚಿದರು. "ಯಾಕೋಬಪ್ಪನೇ, ಇದೆಲ್ಲವು ಸತ್ಯವೋ?"

ಹೌದು ಎಂದಿದ್ದರೆ ಮುಗಿದಿತ್ತು.

"ಸಾಣಾಪುರದ ಮಾತು ಖರೆ ಅಲ್ರಿ. ಅಲ್ಲಿ ನಾ ಏನೂ ಮಾಡಿಲ್ಲ."

ಹಂದರದ ತುಂಬ ಮೆಚ್ಚುಗೆಯ ಗುಜುಗುಜು. ಇಂಥ ಹೊತ್ತಿನಲ್ಲೂ ಇಂಥ ವಿನಯವೇ ಎಂದು ಮುಂದಿನ ಸಾಲಿನವರು ತಲೆ ತೂಗಿದರು. ದೊರೆಗಳ ಕಣ್ಣು ಒದ್ದೆಯಾದವು. ಯಾಕೋಬಪ್ಪನವರು ಗಾಬರಿಯಾದರು. ಹಾಗಲ್ಲ, ತಾನು ಹೆದರಿ ಓಡಿಹೋಗಿದ್ದೆನೆಂದು ಮತ್ತೆ ಹೇಳಿದರು. ಜನ ಪ್ರೀತಿಯಿಂದ ನಕ್ಕರು. ಹಿಂದಿನಿಂದ ಯಾರೋ ಸ್ತೋತ್ರವೆಂದರು. ತನ್ನನ್ನು ತಾನು ಬೈದುಕೊಂಡರೆ ಯಾರೂ ನಂಬಬಾರದೆಂದು ಹದಿನಾರು ವರ್ಷ ಈ ಜನಕ್ಕೆ ಪಾಠ ಹೇಳಿಕೊಟ್ಟವರು ಅವರೇ. ಜನ ಪಾಠವನ್ನು ಚೆನ್ನಾಗಿ ಕಲಿತಿದ್ದರು. ಈಗ ಅವರ ಜೀವನದ ಒಂದೇ ಒಂದು ನಿಜವಾದ ಪಾಪನಿವೇದನೆಯನ್ನು ಕೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ.

ಆಗ ಅವರಿಗೆ ಸಿಟ್ಟು ಬಂತು. ಕುತ್ತಿಗೆ ನೆಟ್ಟಗಾಯಿತು. ಅವರ ಕುತ್ತಿಗೆಯನ್ನು ನಾನು ನೆಟ್ಟಗೆ ನೋಡಿದ್ದು ಅದೇ ಮೊದಲು.

"ನಗಬ್ಯಾಡ್ರಿ, ಕೇಳ್ರಿ. ಊರ ಮುಂದ ಎರಡನೇ ಹೆಣ ಕಂಡ ಕೂಡ್ಲೆ ನನ್ನ ಕಾಲು ಹಿಂದಕ್ಕ ಹೊಳ್ಳಿದ್ವು. ಗಡ್ಡಿ ಕಡೆಯಿಂದ ಹರಗೋಲ ಹತ್ತಿ ಆಚೀ ದಂಡಿಗೆ ಹೋದ್ನಿ. ಅಂಬಿಗರ ಮುದಕಪ್ಪನ್ನ ಕೇಳ್ರಿ, ದಾಟಿಸಿದಾವ ಅವನ. ಕಮಲಾಪುರದಾಗ ನನ್ನ ಕೂಡ ಓದಿದವರ ಮನ್ಯಾಗ ಹನ್ನೊಂದ ದಿನ ಇದ್ನಿ. ಒಂದ ದಿನ ಹೋಳಿಗಿ ಮಾಡಿದ್ರು. ನಾಕ ಹೋಳಿಗಿ ತಿಂದ್ನಿ."

ಹೋಳಿಗೆಯ ಮಾತಿಗೆ ಎಲ್ಲರೂ ನಂಬಿದರು. ವಿನಯಕ್ಕಾಗಿ ಯಾರೂ ನಾಲ್ಕು ಹೋಳಿಗೆಯನ್ನು ಕಟ್ಟಿ ಹೇಳುವುದಿಲ್ಲ.

"ಅಲ್ಲಿ ಇದ್ದಾಕಿ ಹುಲಿಗೆವ್ವ" ಎಂದರು. ಧ್ವನಿ ಇಳಿದಿತ್ತು. "ಗಂಜಿ ಹಾಕಿದಾಕಿ, ಹೆಣಾ ಹೊತ್ತಾಕಿ. ಆಕಿಗೆ ಆಜ್ಞಾ ಬರಂಗಿಲ್ಲಂತ ಹಿಂದಕ ಕಳಿಸೇನಿ. ಆಕಿ ಮಾರಿ ನೋಡಾಕ ನನಗ ಆಗತಿದ್ದಿಲ್ಲ, ಅದಕ್ಕ ಕಳಿಸೇನಿ."

ದೊರೆಗಳ ಪುಸ್ತಕದ ಕನ್ನಡದಲ್ಲಿ ಅದಕ್ಕೆ ಮಾತಿರಲಿಲ್ಲ. ಹಾಗಾದರೆ ಈ ಪತ್ರ ಏನು ಎಂದು ಕೊನೆಗೆ ಕೇಳಿದರು. ಯಾಕೋಬಪ್ಪನವರು ನನ್ನ ಕಡೆ ತಿರುಗಲಿಲ್ಲ. ತನ್ನ ಮೇಲೆ ಪ್ರೀತಿಯಿದ್ದವರು ನಂಬಿ ಬರೆದದ್ದು, ಅದರಲ್ಲಿ ಸುಳ್ಳೆಂಬುದಿದ್ದರೆ ಅದು ತನ್ನದೇ ಎಂದು ಹೇಳಿ, ಹೋಗಿ ಗಂಡಸರ ನಡುವೆ ಸಿಕ್ಕ ಜಾಗದಲ್ಲಿ ಕೂತುಬಿಟ್ಟರು. ನಾನು ಏಳಲಿಲ್ಲ. ಎದ್ದು, ಸಹಿ ಹಾಕಿದವಳು ನಾನೆಂದು ಹೇಳಬೇಕಿತ್ತು. ಟೀಚರ ಕೆಲಸ ಹೋದೀತೆಂದು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತೆ. ಊರವರ ಕೊರತೆಗಳನ್ನೆಲ್ಲ ಇಷ್ಟು ಚೆನ್ನಾಗಿ ಬಲ್ಲ ನಾನು ಆ ದಿನ ಮಾಡಿದ್ದು ಇಷ್ಟು.

ಅಭಿಷೇಕ ಆಗಲಿಲ್ಲ. ಮರುದಿನ ಬೆಳಿಗ್ಗೆ ದೊರೆಗಳು ಹುಲಿಗೆವ್ವನನ್ನು ಕರೆದು, ಆಜ್ಞೆಗಳನ್ನು ಕೇಳದೆಯೇ ದೀಕ್ಷಾಸ್ನಾನ ಕೊಟ್ಟರು. ಆಕೆಗೆ ಅದೇ ಬೇಜಾರು. ಈ ಸಲ ಒಂಬತ್ತರ ತನಕ ಸರಿಯಾಗಿ ಬರುತ್ತಿತ್ತಂತೆ. ಯಾಕೋಬಪ್ಪನವರು ಓಡಿಹೋದದ್ದನ್ನು ಕೇರಿಯವರು ಇಷ್ಟು ದಿನ ಯಾಕೆ ಯಾರಿಗೂ ಹೇಳಲಿಲ್ಲವೆಂದು ಆಕೆಯನ್ನು ಕೇಳಿದೆ. ಆಕೆ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಹೊಳ್ಳಿ ಬಂದ್ರಲ್ರಿ ಅಕ್ಕೋರ. ಓಡಿ ಹೋದ ನಮ್ಮ ಮಂದಿ ಎಷ್ಟೋ ಜನ ಹೊಳ್ಳಿ ಬರಲೇ ಇಲ್ಲ" ಎಂದಳು.

ಹಿಂದಿರುಗುವಾಗ ಒಂದೇ ಬಂಡಿಯಲ್ಲಿ ಕೂತಿದ್ದೆವು. ಅರ್ಧ ದಾರಿಗೆ ರೂತಮ್ಮ ಗಂಡನ ಕಡೆ ನೋಡದೆ ನನಗೆ ಹೇಳಿದರು. "ಓಡಿ ಹೋಗಿದ್ದು ಹೇಳಿದ್ರು, ಆತು. ಹೋಳಿಗಿ ತಿಂದದ್ದು ಹೇಳಬಾರದಿತ್ತವ್ವ. ಆ ಹನ್ನೊಂದ ದಿನ ನಾ ಒಪ್ಪತ್ತು ಉಂಡು ಇವರ ಸಲುವಾಗಿ ಬೇಡ್ಕೊಂಡೇನಿ." ಊರು ಹತ್ತಿರ ಬಂದಾಗ ಯಾಕೋಬಪ್ಪನವರು ನನ್ನ ಕಡೆ ತಿರುಗಿದರು. "ಛಲೋ ಬರ್ದಿದ್ದಿ ತಂಗಿ. ದೊರಿ ಓದೂ ಮುಂದ ಪತ್ರದಾಗಿನ ಆ ಮನಷ್ಯಾ ನನಗೂ ಭಾಳ ಸೇರಿದ" ಎಂದರು. ನಾನು ಅತ್ತುಬಿಟ್ಟೆ. ಆ ಸಲ ಅವರು ಉಪವಾಸ ಹಿಡಿಯಲಿಲ್ಲ. ಮನೆಗೆ ಬಂದು ರೂತಮ್ಮ ಇಕ್ಕಿದ ಎರಡು ರೊಟ್ಟಿ ಉಂಡು ಮಲಗಿದರಂತೆ.

ಕೆಲಸದಿಂದಲೇ ತೆಗೆಯಬೇಕೆಂದವರಿದ್ದರು. ದೊರೆಗಳು ಒಪ್ಪಲಿಲ್ಲ. ಎಲ್ಲಿಗೆ ಹಾಕಬೇಕೆಂಬ ಮಾತು ಬಂದಾಗ ಯಾಕೋಬಪ್ಪನವರು ಸಾಣಾಪುರದ ಕೇರಿಯನ್ನೇ ಕೇಳಿದರು. ಅವರು ಬದುಕಿನಲ್ಲಿ ಬಾಯಿಬಿಟ್ಟು ಕೇಳಿ ಪಡೆದದ್ದು ಅದೊಂದೇ ಎಂದು ಕಾಣುತ್ತದೆ. ಅಲ್ಲಿ ಹೋಗಿ ಅವರು ಸಂತರಾದರೆಂದು ಬರೆದರೆ ನಾನು ಮತ್ತೊಂದು ಸುಳ್ಳು ಪತ್ರ ಬರೆದಂತಾಗುತ್ತದೆ. ಪ್ರಾರ್ಥನೆ ಮೊದಲಿನಷ್ಟೇ ಉದ್ದವಿತ್ತು. ಅದರಲ್ಲಿ ಹುಳ, ಬೂದಿ ಕಡಿಮೆಯಾಗಿ ಕೇರಿಯ ಜನರ ಹೆಸರುಗಳು ಹೆಚ್ಚಾಗಿದ್ದವು, ಅಷ್ಟೇ. ಮೊದಮೊದಲು ಮಕ್ಕಳು ಅವರನ್ನು ಕಂಡರೆ ಹೋಳಿಗೆ ಎಂದು ಕೂಗಿ ಓಡುತ್ತಿದ್ದರು. ಅವರು ಎಷ್ಟು ತಿಂದೆನೆಂದು ಕೇಳಿ, ಬೆರಳಲ್ಲಿ ನಾಲ್ಕರ ತನಕ ಎಣಿಸುವುದನ್ನು ಆ ಮಕ್ಕಳಿಗೆ ಕಲಿಸಿದರು.

ನಾಲ್ಕೈದು ವರ್ಷ ಕಳೆದ ಮೇಲೆ ನನಗೆ ರಾಯಚೂರಿಗೆ ವರ್ಗವಾಯಿತು. ಹೇಳಿ ಹೋಗಲೆಂದು ಸಾಣಾಪುರಕ್ಕೆ ಹೋದೆ. ಮಟಮಟ ಮಧ್ಯಾಹ್ನ. ಯಾಕೋಬಪ್ಪನವರು ವಿಷಮಜ್ವರದಲ್ಲಿ ಮಲಗಿದ್ದರು. ಮೈ ಕಡ್ಡಿಯಾಗಿತ್ತು. ರೂತಮ್ಮ ಕಾಲ ಬಳಿ ಕೂತಿದ್ದರು. ಹುಲಿಗೆವ್ವ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಜಿ ಗುಟುಕಿಸುತ್ತಿದ್ದಳು. ಅದೇ ಕೊನೆಯ ಭೇಟಿ. ಹತ್ತು ದಿನದೊಳಗೆ ಅವರು ತೀರಿಕೊಂಡರೆಂದು ರಾಯಚೂರಿಗೆ ಕಾಗದ ಬಂತು. ಆ ಮಧ್ಯಾಹ್ನ ನಾನು ಬಂದದ್ದು ಅವರಿಗೆ ಗುರುತು ಸಿಕ್ಕಿತು. ತಂಗಿ, ಒಂದು ಪ್ರಾರ್ಥನೆ ಮಾಡು ಎಂದರು.

ನಾನು ಬೋರ್ಡಿಂಗಿನಲ್ಲಿ ಕಲಿತ ಪ್ರಾರ್ಥನೆಯನ್ನು ಶುರು ಮಾಡಿದೆ. ಎಲ್ಲರನ್ನೂ ಹಾಸ್ಯ ಮಾಡಿ ಮಾಡಿ ಹರಿತವಾಗಿದ್ದ ನಾಲಿಗೆ ಎರಡು ಸಾಲಿಗೇ ಒಣಗಿ ನಿಂತಿತು. ಹುಲಿಗೆವ್ವ ಸ್ವಲ್ಪ ಹೊತ್ತು ಕಾದಳು. ಆಮೇಲೆ ಗಂಜಿಯ ಬಟ್ಟಲನ್ನು ಕೆಳಗಿಟ್ಟು, ಅವರ ಹಣೆಯ ಮೇಲೆ ಕೈಯಿಟ್ಟಳು. ಕಣ್ಣನ್ನೂ ಮುಚ್ಚಲಿಲ್ಲ.

"ಯಪ್ಪಾ, ಇವರು ನಮ್ಮವರು. ಭಾಳ ಅಂಜತಾರ. ಒಬ್ಬಂಟಿ ಬಿಡಬ್ಯಾಡ."

ಯಾಕೋಬಪ್ಪನವರು ಆಮೆನ್ ಎಂದರು. ನಾನೂ ಎಂದೆ.